ಆಷಾಢದ ಗಾಳಿಯಲ್ಲಿ ಕಾದ ಸ್ನಾನದ ನೀರು

ಚಿತ್ರದುರ್ಗದ ಹೊರವಲಯದ ನಮ್ಮ ತೋಟದ ಮನೆಯಲ್ಲಿ ಆಷಾಢ ಬಂತೆಂದರೆ ಮೋಡ ಕವಿದು, ಸೋಲಾರ್ ಹೀಟರಿನ ನೀರು ಉಗುರುಬೆಚ್ಚಗೂ ಆಗದೆ, ಅಮ್ಮ ಮತ್ತೆ ಹಂಡೆಯ ಒಲೆಗೆ ಸೌದೆ ಒಟ್ಟಬೇಕಾಗುತ್ತಿತ್ತು. ಅದೇ ದಿನಗಳಲ್ಲಿ ಜೋಗಿಮಟ್ಟಿಯ ಕಡೆಯ ಗಾಳಿಯಂತ್ರಗಳು ಹಗಲಿರುಳು ತಿರುಗುವುದನ್ನು ನೋಡುತ್ತಿದ್ದ ನಾನು, ನೀರು ಕಾಯಿಸಲೆಂದು 2.4 ಮೀಟರ್ ವ್ಯಾಸದ ಸಣ್ಣ ಯಂತ್ರವೊಂದನ್ನು ಮರಗಳಿಂದ ದೂರವಾಗಿ 12 ಮೀಟರ್ ಕಂಬದ ಮೇಲೆ ನಿಲ್ಲಿಸಿದೆ.

ಯಂತ್ರದ ಮೇಲೆ ಒಂದು ಕಿಲೋವ್ಯಾಟ್ ಎಂದು ಬರೆದಿತ್ತು. ಆದರೆ ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 8 ಮೀಟರ್ ಬೀಸಿದಾಗ ನನಗೆ ಸಿಗುವುದು ಸುಮಾರು 320 ವ್ಯಾಟ್, 5 ಮೀಟರ್ ಬೀಸಿದಾಗ 80 ವ್ಯಾಟ್ ಅಷ್ಟೆ. ನೂರು ಲೀಟರ್ ನೀರನ್ನು 24 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು 3 ಯೂನಿಟ್ ಬೇಕು. ಆಷಾಢದ ಒಂದು ಒಳ್ಳೆಯ ರಾತ್ರಿಗೆ ಅದು ದಕ್ಕುತ್ತದೆ, ಚಳಿಗಾಲದ ರಾತ್ರಿಗೆ ದಕ್ಕುವುದಿಲ್ಲ. ಚಳಿಗಾಲಕ್ಕೆ ಹೇಗೂ ಬಿಸಿಲಿದೆ.

ಮೊದಲು ಗೀಸರಿನ ಮಾಮೂಲು ಕಾಯಿಲನ್ನೇ ಹಾಕಿ ಮೋಸಹೋದೆ. 230 ವೋಲ್ಟಿಗೆ 2000 ವ್ಯಾಟ್ ಎಳೆಯುವ ಆ ಕಾಯಿಲು 48 ವೋಲ್ಟಿಗೆ 90 ವ್ಯಾಟನ್ನೂ ಎಳೆಯುವುದಿಲ್ಲ. ಆಮೇಲೆ 48 ವೋಲ್ಟಿನ, 300 ವ್ಯಾಟಿನ ಎರಡು ಕಾಯಿಲುಗಳನ್ನು ತರಿಸಿ ನೇರವಾಗಿ ಜೋಡಿಸಿದೆನಾದರೂ, ರೆಕ್ಕೆ ತಿರುಗಲು ತೊಡಗುತ್ತಿದ್ದಂತೆಯೇ ಭಾರ ಬಿದ್ದು ವೇಗ ಹಿಡಿಯಲಾರದೆ ತೆವಳತೊಡಗಿತು. ಈಗ ವೋಲ್ಟೇಜ್ 40ಕ್ಕೆ ಏರಿದ ಮೇಲೆ ಮೊದಲ ಕಾಯಿಲು, ಗಾಳಿ ಇನ್ನೂ ಬಲಿತರೆ ಎರಡನೆಯದು ಸೇರುವಂತೆ ರಿಲೇ, ಅಂದರೆ ತಾನಾಗಿಯೇ ಬೀಳುವ ಸ್ವಿಚ್ಚು, ಇಟ್ಟಿದ್ದೇನೆ. ಇಷ್ಟೂ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ತಡೆದು ಸೇರಿಸುವ ಕ್ರಮವೇ.

ಒಂದು ದಿನ ಅಮ್ಮ, "ಏನಪ್ಪಾ, ನಲ್ಲಿಯಲ್ಲಿ ಹಬೆ ಬರ್ತಿದೆಯಲ್ಲೋ" ಎಂದು ಕೂಗಿದರು. ನೀರು ಕಾದೊಡನೆ ವಿದ್ಯುತ್ತನ್ನು ಕಡಿಯಬೇಕಾದ ಥರ್ಮೋಸ್ಟಾಟ್ ಬಿಚ್ಚಿ ನೋಡಿದರೆ ಅದರೊಳಗಿನ ಎರಡು ಪುಟ್ಟ ಬೆಳ್ಳಿಯ ಚುಕ್ಕೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡು, ಸುತ್ತಲೂ ಮಸಿ ಹಿಡಿದಿತ್ತು. ಎಸಿಗೆಂದು, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಮನೆಯ ವಿದ್ಯುತ್ತಿಗೆಂದು, ಮಾಡಿದ ಥರ್ಮೋಸ್ಟಾಟಿನಲ್ಲಿ ನಮ್ಮ ಕಾಯಿಲಿಗೆ ಬರುವಂಥ, ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಹರಿಸಿದರೆ ಕಿಡಿ ಆರದೆ ಹೀಗಾಗುತ್ತದೆ. ಈಗ ಥರ್ಮೋಸ್ಟಾಟು ಡಿಸಿಗೆ ತಕ್ಕ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ಮಾತ್ರ ಆಡಿಸುತ್ತದೆ. ನೀರು ಕಾದೊಡನೆ ಆ ಕಾಂಟ್ಯಾಕ್ಟರು ವಿದ್ಯುತ್ತನ್ನು ಹೊರಗೋಡೆಯ ಮೇಲಿನ ಇನ್ನೊಂದು ಹೀಟರಿಗೆ ತಿರುಗಿಸುತ್ತದೆ, ಏಕೆಂದರೆ ಭಾರವೇ ಇಲ್ಲದ ಯಂತ್ರ ಜೋರು ಗಾಳಿಯಲ್ಲಿ ಹತೋಟಿ ತಪ್ಪಿ ತಿರುಗುತ್ತದೆ. ತೊಟ್ಟಿಯ ಮೇಲಿನ ಹಬೆ ಕೊಳವೆಯನ್ನು ಎಂದೂ ಮುಚ್ಚುವುದಿಲ್ಲ.

ನಮ್ಮ ಬೋರ್‌ವೆಲ್ಲಿನ ನೀರು ಗಡುಸು. ಕಾಯಿಲಿನ ಮೇಲೆ ಸುಣ್ಣದಂಥ ಬಿಳಿಯ ಪದರ ಕಟ್ಟುವುದರಿಂದ ಅದನ್ನು ಆಗಾಗ ತೆಗೆದು ತಿಕ್ಕಬೇಕು. ಆ ಕೆಲಸಕ್ಕೆ ಗಾಳಿ ತಗ್ಗಿರುವ ಬೆಳಗನ್ನು ಆರಿಸಿಕೊಂಡು, ಯಂತ್ರದ ಮೂರು ತಂತಿಗಳನ್ನೂ ಒಂದಕ್ಕೊಂದು ಕೂಡಿಸುವ ಬ್ರೇಕ್ ಸ್ವಿಚ್ಚನ್ನು ಹಾಕಿ, ರೆಕ್ಕೆ ನಿಧಾನವಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸ್ಪ್ಯಾನರ್ ಹಿಡಿಯುತ್ತೇನೆ.