ಎಳೆದೋಡುವ ಕುದುರೆಗೆ ಯಾವ ಕಡಿವಾಣ?

ನನ್ನ ಮಾರ್ವಾಡಿ ಕುದುರೆ ಲಗಾಮು ಎಳೆದಷ್ಟೂ ಮುನ್ನುಗ್ಗುತ್ತಿತ್ತು. ಮುಳ್ಳಿನ ಕಡಿವಾಣ ಹಾಕೆಂದರು ಹಲವರು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ನಿಯಮಗಳು ಅದನ್ನು ನಿಷೇಧಿಸಿವೆ, ನಾನು ಮುಟ್ಟಲಿಲ್ಲ.

ಮೊದಲು ಪಶುವೈದ್ಯರಿಗೆ ಬಾಯಿ ತೋರಿಸಿ. ನಮ್ಮದಕ್ಕೆ ದವಡೆಹಲ್ಲಿನ ಮುಂದೆ ಕಡಲೆಕಾಳಿನಷ್ಟು ಪುಟ್ಟ ಹಲ್ಲೊಂದಿತ್ತು, ಕಡಿವಾಣದ ಕಬ್ಬಿಣ ಅದಕ್ಕೇ ಬಡಿಯುತ್ತಿತ್ತು. ಕೀಳಿಸಿದ ಮೇಲೆ ಅರ್ಧ ರಭಸ ಇಳಿಯಿತು.

ಆಮೇಲೆ ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾರ ಹಿಡಿದು ಅಳೆಯಿರಿ. ಕಡಿವಾಣ ತೊಡಿಸಿದಾಗ ಎರಡೂ ಬದಿ ಸುಮಾರು ಅರ್ಧ ಸೆಂಟಿಮೀಟರ್ ಬಿಡುವಿರಲಿ. ನಡುವೆ ಒಂದೇ ಕೀಲಿರುವ ಕಡಿವಾಣ ಎಳೆದಾಗ ಮಡಚಿ ಅಂಗುಳಕ್ಕೆ ಚುಚ್ಚಬಹುದು. ನಡುವೆ ನುಣುಪಾದ ತುಂಡಿರುವ ಎರಡು ಕೀಲಿನ ಕಡಿವಾಣ ನಾಲಿಗೆಯ ಮೇಲೆ ಹರಡಿ ಕೂರುತ್ತದೆ. ನಾನು ಆರಿಸಿದ್ದು ಅದನ್ನೇ. ಸನ್ನೆಗೋಲಿನಂತೆ ಒತ್ತುವ ಪೆಲ್ಹಮ್ ಎಂಬ ಕಡಿವಾಣ ಕೈ ಪಳಗಿದವರಿಗೆ ಮಾತ್ರ. ಹೊಸದನ್ನು ತೊಡಿಸಿ ಮೊದಲ ದಿನ ಅಂಗಳದಲ್ಲಿ ನಡೆಸಿ ನೋಡಿ.