ದೋಸ್ತನ ಕೈಕೆಲಸಕ್ಕೆ ರೊಕ್ಕ ಎಷ್ಟು ಕೊಡಬೇಕು?

ಸಿಂಧನೂರು, ಗಂಗಾವತಿ ಕಡೆ ನಾಟಿ ಹೊತ್ತಿಗೆ ಮೋಟರ್ ಸುಟ್ಟರೆ ಮೊದಲ ಫೋನ್ ಹೋಗುವುದು ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ) ಬಲ್ಲ ಗೆಳೆಯನಿಗೆ. ಬಳ್ಳಾರಿಯಲ್ಲಿ ಮದುವೆ ಗೊತ್ತಾದರೆ ಬ್ಲೌಸ್ ಬಟ್ಟೆಯ ಗಂಟು ನೇರ ಹೊಲಿಗೆ ಬಲ್ಲ ಗೆಳತಿಯ ಮನೆ ಸೇರುತ್ತದೆ. ಕೆಲಸ ಮುಗಿದ ಮೇಲೆ "ಎಷ್ಟು ಕೊಡ್ಲಿ?" ಅಂತ ಕೇಳಿದರೆ "ಏ ಬಿಡಪ, ನಿನ್ನ ಹತ್ರ ಏನ್ ತಗೊಳ್ಳೋದು" ಅನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ, ಋಣ ನಿಲ್ಲುವುದಿಲ್ಲ.

ಕೆಲಸ ಶುರುವಾಗುವ ಮುಂಚೆಯೇ ಕೇಳಿ. ಕೇಳುವಾಗ "ನನಗೆಷ್ಟು" ಅನ್ನಬೇಡಿ, "ಹೊರಗಿನವರಿಗೆ ಇದಕ್ಕ ಎಷ್ಟು ಹಿಡೀತಿ?" ಅನ್ನಿ. "ನನಗೆಷ್ಟು" ಅಂದರೆ ಅವನು ಸ್ನೇಹಕ್ಕೆ ಬೆಲೆ ಕಟ್ಟಬೇಕಾಗುತ್ತದೆ, ಹಾಗಾಗಿ ಬಾಯಿ ಬರುವುದಿಲ್ಲ. ಹೊರಗಿನವರ ದರ ಹೇಳಲು ಸಂಕೋಚವಿಲ್ಲ. ಆ ದರ ಕೇಳಿಸಿಕೊಂಡ ಮೇಲೆ ಸುಮ್ಮನಿರಿ. ಕಡಿಮೆ ಮಾಡುವುದಿದ್ದರೆ ಅವನೇ ಮಾಡಲಿ. ದೋಸ್ತಿಯ ರಿಯಾಯಿತಿ ಅವನು ಕೊಡುವಂಥದ್ದು, ನೀವು ಕೇಳಿ ಪಡೆಯುವಂಥದ್ದಲ್ಲ. ಏನೂ ಹೇಳದಿದ್ದರೆ ಊರಲ್ಲಿ ಅದೇ ಕೆಲಸ ಮಾಡುವ ಇಬ್ಬರನ್ನು ವಿಚಾರಿಸಿ ನಡುವಿನ ದರ ಹಿಡಿಯಿರಿ. ವೈರಿಂಗ್ ಆದರೆ ಪಾಯಿಂಟಿಗೆ (ಒಂದು ಬಲ್ಬು, ಫ್ಯಾನ್ ಇಲ್ಲವೇ ಸಾಕೆಟ್ಟಿನ ಜಾಗ), ರಿವೈಂಡಿಂಗ್ ಆದರೆ ಎಚ್‌ಪಿಗೆ, ಬ್ಲೌಸ್ ಆದರೆ ಪೀಸಿಗೆ, ಟ್ರ್ಯಾಕ್ಟರ್ ಆದರೆ ತಾಸಿಗೆ ಎಷ್ಟು ಅಂತ ಕೇಳಬೇಕು. "ಒಟ್ಟು ಇಷ್ಟು" ಅಂತ ಮಾತಾಡಿದರೆ ನಡುವೆ ಎರಡು ಫ್ಯಾನ್ ಪಾಯಿಂಟ್ ಹೆಚ್ಚಾದಾಗ ಇಬ್ಬರ ಮುಖವೂ ಸಣ್ಣದಾಗುತ್ತದೆ.

"ಅರ್ಧ ತಗೋ" ಅನ್ನುವ ಮುಂಚೆ ಒಂದು ಲೆಕ್ಕ ಹಾಕಿ ನೋಡಿ. ಮನೆ ವೈರಿಂಗ್, 30 ಪಾಯಿಂಟ್, ಪಾಯಿಂಟಿಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ (ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ). ಒಟ್ಟು 6,000. ಕೆಲಸ ನಾಲ್ಕು ದಿನದ್ದು. ಜೊತೆಗೊಬ್ಬ ಹೆಲ್ಪರ್, ದಿನಕ್ಕೆ 500ರಂತೆ 2,000. ಗೋಡೆ ಕೊರೆಯುವ ಬ್ಲೇಡು, ಡ್ರಿಲ್ ಬಿಟ್, ಪೆಟ್ರೋಲು ಸೇರಿ 600. ಗೆಳೆಯನ ಕೈಗೆ ಉಳಿದದ್ದು 3,400, ಅಂದರೆ ದಿನಕ್ಕೆ 850. ಈಗ ದೋಸ್ತಿ ಮೇಲೆ ಅರ್ಧ ರೇಟು ಅಂದರೆ 3,000 ಬಂತು. ಖರ್ಚು ಅದೇ 2,600. ಉಳಿದದ್ದು 400, ದಿನಕ್ಕೆ 100 ರೂಪಾಯಿ. ಹೆಲ್ಪರ್ ಅವನ ಐದು ಪಟ್ಟು ಒಯ್ದ. ಬರೀ 600 ರೂಪಾಯಿ ಬಿಟ್ಟರೂ, ಅಂದರೆ ನೂರಕ್ಕೆ ಹತ್ತು, ಅವನ ದಿನದ ದುಡಿಮೆ 850ರಿಂದ 700ಕ್ಕೆ ಇಳಿಯುತ್ತದೆ.

ಹೆಲ್ಪರ್ ನಿಮ್ಮ ದೋಸ್ತ ಅಲ್ಲ. ಅವನ ಕೂಲಿ, ಸಾಮಾನು, ಓಡಾಟ, ಬಾಡಿಗೆ ಯಂತ್ರ ಇವಿಷ್ಟಕ್ಕೆ ಪೂರ್ತಿ ಕೊಡಬೇಕು, ಅದೂ ಮುಂಗಡವಾಗಿ. ರಿಯಾಯಿತಿಯ ಮಾತೇನಿದ್ದರೂ ಗೆಳೆಯನ ಸ್ವಂತ ಕೂಲಿಯಲ್ಲಿ ಮಾತ್ರ. ಸಾಮಾನಿಗೆ ನೀವೇ ಅವನ ಜೊತೆ ಅಂಗಡಿಗೆ ಹೋಗಿ, ನಿಮ್ಮ ಹೆಸರಲ್ಲೇ ಬಿಲ್ ಮಾಡಿಸಿ. ಅಂಗಡಿಯವರು ಅವನಿಗೆ ಏನಾದರೂ ಕಮಿಷನ್ ಕೊಟ್ಟರೆ ಅದನ್ನು ಹುಡುಕಲು ಹೋಗಬೇಡಿ. ಹೊಸ ಮನೆಗೆ ಜೆಸ್ಕಾಂ (ಈ ಭಾಗದ ವಿದ್ಯುತ್ ಕಂಪನಿ) ಕನೆಕ್ಷನ್ ಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಬೇಕು. ಗೆಳೆಯನಿಗೆ ಲೈಸೆನ್ಸ್ ಇಲ್ಲದಿದ್ದರೆ ಆ ಖರ್ಚು ಬೇರೆ, ಅವನ ಕೂಲಿಯಲ್ಲಿ ಮುರಿಯುವಂತಿಲ್ಲ.

ಬೇಸಿಗೆಯಲ್ಲಿ ದಿನದ ಲೆಕ್ಕ ಬೇರೆ ಆಗುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳು ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಲ್ಯಾಬ್ ಮೇಲೆ ಕೆಲಸ ನಡೆಯುವುದು ಬೆಳಿಗ್ಗೆ ಏಳರಿಂದ ಹನ್ನೆರಡು, ಆಮೇಲೆ ಸಂಜೆ ನಾಲ್ಕರ ನಂತರ. ಕೈ ಆಡಿದ್ದು ಏಳು ತಾಸು ಇರಬಹುದು, ಆದರೆ ಆ ದಿನ ಅವನು ಬೇರೆ ಕೆಲಸ ಹಿಡಿಯಲಾರ. ಪೂರ್ತಿ ದಿನ ಕೊಡಿ. ಹಾಗೇ ಕಾಲುವೆಗೆ ನೀರು ಬಿಟ್ಟ ಹಂಗಾಮಿನಲ್ಲಿ ಮೋಟರ್ ಮೆಕ್ಯಾನಿಕ್ಕಿಗೆ ಪುರುಸೊತ್ತಿರುವುದಿಲ್ಲ. ಹತ್ತು ಗಿರಾಕಿ ಬಿಟ್ಟು ನಿಮ್ಮ ಹೊಲಕ್ಕೆ ಬಂದಿದ್ದರೆ ಸರತಿ ತಪ್ಪಿಸಿ ಬಂದದ್ದೇ ದೋಸ್ತಿ. ದರ ಪೂರ್ತಿ ಸಲ್ಲಬೇಕು.

ಮೋಟರ್ ಕೆಲಸದಲ್ಲಿ ಮನಸ್ತಾಪ ಬರುವುದು ಎರಡು ಕಡೆ. ಒಂದು, ಸುಟ್ಟ ಹಳೇ ತಾಮ್ರ. ಅದಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. ಅದು ನಿಮಗೆ ಬರುತ್ತದೋ, ಅವನ ಕೂಲಿಯಲ್ಲಿ ಸೇರುತ್ತದೋ ಮೊದಲೇ ಆಡಿಕೊಳ್ಳಿ. ಎರಡು, ಕಟ್ಟಿದ ಮೋಟರ್ ತಿಂಗಳೊಳಗೆ ಮತ್ತೆ ಸುಡುವುದು. ಮೂರು ಫೇಸ್‌ನಲ್ಲಿ ಒಂದು ಹೋದಾಗ ಉಳಿದ ಎರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಸುಡುತ್ತದೆ. ವೋಲ್ಟೇಜ್ ಇಳಿದಾಗ ಕರೆಂಟ್ ಜಾಸ್ತಿ ಎಳೆದು ಸುಡುತ್ತದೆ. ಬೋರಲ್ಲಿ ನೀರಿಲ್ಲದೆ ಓಡಿದರೂ ಸುಡುತ್ತದೆ. ಇವು ಕೈಕೆಲಸದ ತಪ್ಪಲ್ಲ. ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಹಾಕಿಸದೆ, ಓವರ್‌ಲೋಡ್ ರಿಲೇ (ಭಾರ ಹೆಚ್ಚಾದರೆ ಮೋಟರ್ ನಿಲ್ಲಿಸುವ ಭಾಗ) ಕೆಲಸ ಮಾಡದಂತೆ ಕಟ್ಟಿಟ್ಟು ಓಡಿಸಿದ್ದರೆ ಎರಡನೇ ಸಲದ ತಾಮ್ರ, ಕೂಲಿ ಎರಡೂ ನಿಮ್ಮದೇ. ವೈಂಡಿಂಗ್‌ನಲ್ಲೇ ದೋಷವಿದ್ದರೆ ಅವನ ಕೂಲಿ ಬಿಟ್ಟಿ, ತಾಮ್ರದ ಖರ್ಚು ಅರ್ಧರ್ಧ. ಇದು ನ್ಯಾಯವಾದ ಒಪ್ಪಂದ, ಆದರೆ ಮೋಟರ್ ಬಿಚ್ಚುವ ಮುಂಚೆಯೇ ಆಗಬೇಕು. ಬೋರಿನಿಂದ ಪೈಪು ಎತ್ತುವ ಗುಂಪಿನ ಕೂಲಿ ಎರಡೂ ಸಲ ನೀವೇ ಕೊಡುವುದು.

ಹೊಲಿಗೆಯವರಿಗೆ ಆಗುವ ಅನ್ಯಾಯ ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ "ಹೆಂಗೂ ಮನ್ಯಾಗ ಇರ್ತಿ" ಅನ್ನುವ ಮಾತು. ಮದುವೆಗೆ ಹನ್ನೆರಡು ಲೈನಿಂಗ್ ಬ್ಲೌಸ್ ಅಂದರೆ, ಒಂದಕ್ಕೆ ಮೂರು ತಾಸು ಹಿಡಿದರೂ 36 ತಾಸು. ಅಂಗಡಿಯ ಪೀಸ್ ದರವನ್ನೇ ಕೊಡಿ; ಬಾಡಿಗೆ ಅಂಗಡಿ ಇಲ್ಲ ಅಂತ ಮುರಿಯಬೇಡಿ. ಮಷೀನು, ಕರೆಂಟು, ಕಣ್ಣು ಅವಳದೇ. ನಿಜವಾಗಿ ನೆರವಾಗಬೇಕೆಂದರೆ ಕಾಟನ್ ಲೈನಿಂಗನ್ನು ನೀವೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಕೊಡಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಲೈನಿಂಗ್ ಸೇದಿಕೊಂಡು ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ, ಹೆಸರು ಕೆಡುವುದು ಅವಳದು. ಹುಕ್ಕು, ದಾರ, ಫಾಲ್ಸ್ ನಿಮ್ಮ ಖರ್ಚು.

ಹತ್ತು ನಿಮಿಷದ ಕೆಲಸಕ್ಕೆ ಬಂದು ಹೋಗುವ ಕನಿಷ್ಠ ಚಾರ್ಜ್ ಕೊಟ್ಟರೆ ಸಾಕು. ಫೋನಿನಲ್ಲಿ ಒಂದು ಸಲಹೆಗೆ ದುಡ್ಡು ಬೇಡ. ವಕೀಲ ಗೆಳೆಯನಿಗೆ ಕಾಗದ ಕಳಿಸಿ ಓದಿಸಿದಿರಿ ಅಂದರೆ ಅದು ಕೆಲಸ, ಫೀಸ್ ಕೇಳಿ.

ರೊಕ್ಕದ ಬದಲು ಮುಯ್ಯಿ ಮಾಡುವುದು ನಮ್ಮ ಕಡೆ ಹಳೇ ರೂಢಿ, ಒಳ್ಳೆ ರೂಢಿ. ಅವನು ವೈರಿಂಗ್ ಮಾಡಿದ, ನೀವು ಅವನ ಹೊಲಕ್ಕೆ ರೋಟವೇಟರ್ ಹೊಡೆದಿರಿ. ಇಲ್ಲಿ ಟ್ರ್ಯಾಕ್ಟರ್ ಮತ್ತು ನಿಮ್ಮ ತಾಸು ಮಾತ್ರ ಮುಯ್ಯಿಗೆ, ಡೀಸೆಲ್ ಅವನ ರೊಕ್ಕದಲ್ಲಿ. ಟ್ಯಾಂಕ್ ಪೂರ್ತಿ ತುಂಬಿಸಿ ಹೊಲಕ್ಕೆ ಇಳಿಯಿರಿ, ಮುಗಿದ ಮೇಲೆ ಮತ್ತೆ ಪೂರ್ತಿ ತುಂಬಿಸಿ. ಎರಡನೇ ಸಲ ಹಿಡಿದ ಲೀಟರೇ ಖರ್ಚು. ಎರಡೂ ಕಡೆಯ ಕೆಲಸವನ್ನು ಊರಿನ ದರದಲ್ಲಿ ರೂಪಾಯಿ ಮಾಡಿ, ವ್ಯತ್ಯಾಸ ಕೊಡಿ. ಮುಯ್ಯಿ ಅದೇ ವರ್ಷದಲ್ಲಿ ತೀರಬೇಕು. ಸೋನಾ ಮಸೂರಿ ಚೀಲ ಕೊಡುವುದಾದರೆ ರೊಕ್ಕದ ಮೇಲೆ ಕೊಡಿ, ರೊಕ್ಕದ ಬದಲಿಗೆ ಬೇಡ. ಭತ್ತ ಬೆಳೆಯುವ ಮನೆಗಂತೂ ಅದರಿಂದ ಉಪಯೋಗವೇ ಇಲ್ಲ.

ಕೆಲಸ ಮುಗಿದ ದಿನವೇ ಕೊಡಿ, ಹೆಲ್ಪರ್ ಎದುರಿಗೆ ಬೇಡ. ಕೈಯಲ್ಲಿ ಕೊಟ್ಟರೆ ಬೇಡ ಅನ್ನುವವನಿಗೆ ಎಲೆ-ಅಡಿಕೆ ಜೊತೆ ಇಟ್ಟು ಕೊಡಿ, ಇಲ್ಲವೇ ಸಂಜೆ ಫೋನ್‌ಪೇ ಮಾಡಿ "ವೈರಿಂಗ್ 30 ಪಾಯಿಂಟ್" ಅಂತ ಬರೆಯಿರಿ. ವಾಪಸ್ ಹಾಕಿದರೆ ಇನ್ನೊಂದು ಸಲ ಹೇಳಿ ನೋಡಿ. ಆಗಲೂ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಅವನ ಕೈಪೆಟ್ಟಿಗೆ ಇಣುಕಿ, ಸವೆದ ಕ್ರಿಂಪಿಂಗ್ ಟೂಲೋ ಟೆಸ್ಟರೋ ಕಂಡರೆ ಒಳ್ಳೆ ಕಂಪನಿಯದೊಂದು ತಂದುಕೊಡಿ. ಮುಂದಿನ ಕೆಲಸಕ್ಕೆ ಕರೆಯುವಾಗ ಮಾತ್ರ ದರ ಗೊತ್ತುಮಾಡಿಕೊಂಡೇ ಕರೆಯಿರಿ.