ಗ್ರಾಮಸಭೆಯಲ್ಲಿ ಆಡಿದ ಮಾತು ನಡಾವಳಿಗೆ ಇಳಿಯಬೇಕಾದರೆ

ಗ್ರಾಮಸಭೆಯಲ್ಲಿ ಗಂಟಲು ಹರಿಯುವಂತೆ ಮಾತಾಡಿದರೂ, ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬೀಳದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ವರ್ಗವಾಗುತ್ತದೆ, ಅಧ್ಯಕ್ಷರು ಬದಲಾಗುತ್ತಾರೆ, ಉಳಿಯುವುದು ಪುಸ್ತಕ. ಹಾಗಾಗಿ ಸಭೆಗೆ ಹೊರಡುವ ಮೊದಲೇ ಆ ಸಾಲು ಹೇಗಿರಬೇಕೆಂದು ಯೋಚಿಸಿಕೊಳ್ಳಿ.

ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಗ್ರಾಮಸಭೆಯ ಸದಸ್ಯರೇ, ಯಾರೂ ಕರೆಯಬೇಕಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಅದಕ್ಕಿಂತ ಮುಂಚೆ ವಾರ್ಡ್ ಸಭೆ ನಡೆಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಬೀದಿಯ ಚರಂಡಿ, ಮನೆ ಕೇಳುವವರ ಹೆಸರು ಮೊದಲು ಸೇರಬೇಕಾದದ್ದು ವಾರ್ಡ್ ಸಭೆಯ ಪಟ್ಟಿಗೆ. ಗ್ರಾಮಸಭೆ ಆ ಪಟ್ಟಿಗಳನ್ನು ಕೂಡಿಸಿ ಆದ್ಯತೆ ನಿಗದಿ ಮಾಡುತ್ತದೆ. ವಾರ್ಡ್ ಸಭೆ ತಪ್ಪಿಸಿಕೊಂಡು ಗ್ರಾಮಸಭೆಯಲ್ಲಿ ಕೇಳಿದರೆ ‘ನಿಮ್ಮ ವಾರ್ಡಿನಿಂದ ಬಂದೇ ಇಲ್ಲವಲ್ಲ’ ಎಂಬ ಉತ್ತರ ಸಿಗುತ್ತದೆ.

ಬೇಡಿಕೆಯನ್ನು ಬರೆದುಕೊಂಡೇ ಹೋಗಿ. ‘ನಮ್ಮ ಬೀದಿಗೆ ಚರಂಡಿ ಬೇಕು’ ಎಂದರೆ ಸಾಲದು. ‘ಅಂಗನವಾಡಿ ಮುಂದಿನ ಲೈಟು ಕಂಬದಿಂದ ದೊಡ್ಡ ಮೋರಿವರೆಗೆ, ಎಡಬದಿಯಲ್ಲಿ, ಸುಮಾರು 60 ಮೀಟರ್ ಚರಂಡಿ, ಈಗ ನೀರು ಐದು ಮನೆಯ ಅಂಗಳಕ್ಕೆ ನುಗ್ಗುತ್ತಿದೆ’ ಎಂದು ಬರೆಯಿರಿ. ಎಲ್ಲಿಂದ, ಎಲ್ಲಿಗೆ, ಎಷ್ಟು ಉದ್ದ ಎಂದು ಇದ್ದರೆ ಎಂಜಿನಿಯರ್ ಅಂದಾಜುಪಟ್ಟಿ ಮಾಡಬಹುದು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ. ಎರಡು ಪ್ರತಿ ಒಯ್ದು, ಒಂದನ್ನು ಸಭೆಯ ಹಿಂದಿನ ದಿನವೇ ಪಂಚಾಯಿತಿ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ.

ಸಭೆಯ ದಿನ ಮೊದಲು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿ. ಕೋರಂ, ಅಂದರೆ ಸಭೆ ನಡೆಸಲು ಇರಲೇಬೇಕಾದ ಕನಿಷ್ಠ ಜನರ ಲೆಕ್ಕ ಅದರಿಂದಲೇ: ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಕೋರಂ ಇಲ್ಲದೆ ಸಭೆ ಮುಗಿಸಿ, ಆಮೇಲೆ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸಿದರೆ ಅದು ಸಭೆಯೇ ಅಲ್ಲ. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಎಷ್ಟೋ ಹಳ್ಳಿಗಳ ಹಕ್ಕು ಕೈಜಾರುವುದು ಈ ಒಂದು ಸಹಿಯಲ್ಲಿ.

ಹಿಂದಿನ ಸಭೆಯ ನಡಾವಳಿ ಮತ್ತು ಅದರ ಮೇಲೆ ಏನು ಕ್ರಮ ಆಯಿತೆಂಬುದನ್ನು ಮೊದಲು ಓದಿಸಿ. ಇದನ್ನು ಕೈಬಿಟ್ಟರೆ ಹಳೆಯ ಕೆಲಸ ಕೇಳುವವರೇ ಇರುವುದಿಲ್ಲ. ನಿಮ್ಮ ಸರದಿ ಬಂದಾಗ ಹೆಸರು, ವಾರ್ಡು ಹೇಳಿ, ಅರ್ಜಿ ಓದಿ, ಎರಡು ನಿಮಿಷದಲ್ಲಿ ಮುಗಿಸಿ. ಕೊನೆಗೆ ಈ ಮಾತು ಮರೆಯಬೇಡಿ: ‘ಸ್ವಾಮಿ, ಇದನ್ನು ನಡಾವಳಿಯಲ್ಲಿ ಬರೆದು ಓದಿ ಹೇಳಿ.’ ಹಳೆಯ ಜಗಳ ಎತ್ತಿದರೆ ಸಭೆ ಗದ್ದಲವಾಗುತ್ತದೆ, ಗದ್ದಲವಾದರೆ ಸಭೆ ಮುಂದಕ್ಕೆ ಹೋಗುತ್ತದೆ, ನಿಮ್ಮ ಚರಂಡಿಯೂ ಅದರ ಜೊತೆಗೇ ಹೋಗುತ್ತದೆ. ಹೆಣ್ಣುಮಕ್ಕಳು ಹಿಂದೆ ನಿಂತು ಪಿಸುಗುಟ್ಟುವ ಬದಲು ನಾಲ್ಕೈದು ಜನ ಒಟ್ಟಿಗೆ ಮುಂದೆ ಕೂತರೆ ನೀರಿನ ಮಾತು ಖಂಡಿತ ಮೇಲೆ ಬರುತ್ತದೆ.

ಎದ್ದು ಬರುವ ಮುನ್ನ ಪುಸ್ತಕ ನೋಡಿ. ಠರಾವುಗಳ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಲ್ಲಿ ಅಡ್ಡಗೆರೆ ಎಳೆಸಿ. ಕೊನೆಯ ಸಾಲಿಗೂ ಅಧ್ಯಕ್ಷರ ಸಹಿಗೂ ಮಧ್ಯೆ ಒಂದು ಗೇಣು ಬಿಟ್ಟರೆ ಹೊಸ ಕಾಮಗಾರಿಯೊಂದು ಆಮೇಲೆ ಸುಲಭವಾಗಿ ಸೇರಿಕೊಳ್ಳುತ್ತದೆ. ಪುಟದ ಫೋಟೋ ತೆಗೆದುಕೊಳ್ಳಿ.

ಫೋಟೋ ತೆಗೆಯಲು ಬಿಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ಸಭೆಯ ತಾರೀಕು ನಮೂದಿಸಿ, ನಡಾವಳಿ ಮತ್ತು ಹಾಜರಾತಿಯ ದೃಢೀಕೃತ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು.